ಯಾವ ಗಾಳಿ ಹಿಡಿದು ಬಂದರು ಸ್ವಾಮಿ?

ವೀಕ್ಷಕರು ಪತ್ರ ಬರೆಯೋದು ಈಗ ತೀರಾ ಕಡಿಮೆ. ಬಯ್ಯುವವರು ವಾಟ್ಸಾಪಿನಲ್ಲೇ ಬಯ್ಯುತ್ತಾರೆ, ಮೆಚ್ಚಿದವರು ರೀಲ್ಸ್ ಕೆಳಗೆ ಒಂದು ಚಪ್ಪಾಳೆ ಒತ್ತಿ ಮುಂದೆ ಹೋಗುತ್ತಾರೆ. ಹಾಗಿರುವಾಗ ನನ್ನ ಹೆಸರಿಗೆ ಒಂದು ಪೋಸ್ಟ್ ಕಾರ್ಡ್ ಬಂತು. ಹಳದಿ ಕಾರ್ಡು, ನೀಲಿ ಇಂಕು, ಗಂಗೊಳ್ಳಿಯ ಅಂಚೆ ಮುದ್ರೆ. ಮೂರೇ ಸಾಲು.

"ನಿಮ್ಮ ಕಾರ್ಯಕ್ರಮ ನೋಡಿದೆ. ರಾತ್ರಿ ಹನ್ನೆರಡಕ್ಕೆ ಗಂಗೊಳ್ಳಿ ಅಳಿವೆಯ ಒಳಗೆ ಯಾವ ಗಾಳಿ ಹಿಡಿದು ಬಂದರು ಸ್ವಾಮಿ? ತಿಳಿಸಬೇಕು."

ಯಾವ ಕಾರ್ಯಕ್ರಮ ಅಂತ ಮೊದಲು ಹೇಳಿಬಿಡುತ್ತೇನೆ. ಹಿಂದಿನ ವಾರವಷ್ಟೇ ನಾವು ಶಿವಾಜಿ ಮಹಾರಾಜರ ಬಸ್ರೂರು ದಾಳಿಯ ಬಗ್ಗೆ ಅರ್ಧ ಗಂಟೆಯ ವಿಶೇಷ ಮಾಡಿದ್ದೆವು. 1665ರ ಫೆಬ್ರವರಿ. ಮಾಲ್ವಣದಿಂದ ಹೊರಟ ನೌಕಾಪಡೆ. ನಮ್ಮ ಗ್ರಾಫಿಕ್ಸ್ ಹುಡುಗರು ಕಪ್ಪು ಸಮುದ್ರ ಮಾಡಿದರು, ಅದರ ಮೇಲೊಂದು ಬೆಳ್ಳಿ ಚಂದ್ರನನ್ನು ತೂಗುಹಾಕಿದರು, ಸಾಲು ಸಾಲು ಹಡಗುಗಳಲ್ಲಿ ಪಂಜು ಉರಿಸಿದರು. ಹಿನ್ನೆಲೆಯಲ್ಲಿ ನಗಾರಿ. ನಾನು ಗಂಟಲು ಸ್ವಲ್ಪ ಒರಟು ಮಾಡಿಕೊಂಡು, "ಅದು ನಡುರಾತ್ರಿ. ಬಸ್ರೂರು ಮಲಗಿತ್ತು. ಆಗ ನದಿಯೊಳಗೆ ನುಗ್ಗಿ ಬಂತು ಮರಾಠಾ ನೌಕಾಪಡೆ" ಅಂದೆ. ಚೆನ್ನಾಗಿ ಬಂದಿತ್ತು. ನನಗೇ ರೋಮಾಂಚನ ಆಗಿತ್ತು.

ನಡುರಾತ್ರಿ ಅಂತ ಯಾವ ದಾಖಲೆಯಲ್ಲಿತ್ತು? ಎಲ್ಲೂ ಇರಲಿಲ್ಲ. ಸ್ಕ್ರಿಪ್ಟ್‌ನಲ್ಲಿ ನಾನೇ ಬರೆದದ್ದು. ದಾಳಿ ಅಂದ ಮೇಲೆ ರಾತ್ರಿ ಇರಬೇಕಲ್ಲ, ಅಷ್ಟೇ.

ನಾನು ತುಮಕೂರಿನವನು. ಹುಟ್ಟಿ ಬೆಳೆದದ್ದು ಕೆರೆ ನೋಡಿಕೊಂಡು. ಸಮುದ್ರವನ್ನು ಮೊದಲು ಕಂಡದ್ದು ಎಂಜಿನಿಯರಿಂಗ್ ಮೂರನೇ ವರ್ಷದ ಟೂರಿನಲ್ಲಿ, ಮಲ್ಪೆಯಲ್ಲಿ, ಪ್ಯಾಂಟ್ ಮಡಿಸಿಕೊಂಡು. ಓದಿದ್ದು ಮೆಕ್ಯಾನಿಕಲ್, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಂದದ್ದು 42 ಅಂಕ. ಆದರೂ ಪೋಸ್ಟ್ ಕಾರ್ಡಿನ ಆ ಪ್ರಶ್ನೆ ಪರೀಕ್ಷೆಯ ಪ್ರಶ್ನೆ ಥರ ಕಾಡತೊಡಗಿತು. ಗಾಳಿ ಅಂದರೆ ಗಾಳಿ, ಅದರಲ್ಲಿ ಯಾವುದು ಅಂತ ಇರುತ್ತಾ?

ಇರುತ್ತೆ. ಎಂಟನೇ ಕ್ಲಾಸಿನಲ್ಲೇ ಓದಿದ್ದೆವು, ಮರೆತಿದ್ದೆವು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ, ಒಂದು ಕಿಲೋ ಒಣ ಮರಳಿಗೆ ಬೇಕಾದ ಶಾಖಕ್ಕಿಂತ ಐದು ಪಟ್ಟು ಜಾಸ್ತಿ. ಅದಕ್ಕೇ ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದಿಂದ ತಂಪು ಗಾಳಿ ನುಗ್ಗುತ್ತದೆ. ಇದು ಕಡಲಗಾಳಿ. ರಾತ್ರಿ ಲೆಕ್ಕ ಉಲ್ಟಾ. ನೆಲ ಬೇಗ ತಣಿಯುತ್ತದೆ, ಘಟ್ಟದ ಇಳಿಜಾರಿನಲ್ಲಿ ತಣ್ಣಗಾದ ಭಾರದ ಗಾಳಿ ನಿಧಾನವಾಗಿ ಜಾರಿ ಬಂದು ಸಮುದ್ರಕ್ಕೆ ಇಳಿಯುತ್ತದೆ. ಇದು ನೆಲಗಾಳಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ, ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರವರಿ ತನಕ, ಈ ಡ್ಯೂಟಿ ಬದಲಾವಣೆ ಹೆಚ್ಚುಕಡಿಮೆ ಗಡಿಯಾರದ ಹಾಗೆ ನಡೆಯುತ್ತದೆ.

ಅಂದರೆ ಫೆಬ್ರವರಿಯ ನಡುರಾತ್ರಿಯಲ್ಲಿ ಗಂಗೊಳ್ಳಿ ಅಳಿವೆಯಲ್ಲಿ ಗಾಳಿ ಎತ್ತ ಬೀಸುತ್ತದೆ? ಒಳಗಿನಿಂದ ಹೊರಗೆ. ನಾನು ಟಿವಿಯಲ್ಲಿ ಎಂಬತ್ತೈದು ಹಾಯಿಹಡಗುಗಳನ್ನು ಅದಕ್ಕೆ ಎದುರಾಗಿ ಓಡಿಸಿದ್ದೆ!

ಕಾರ್ಡಿನಲ್ಲಿ ಫೋನ್ ನಂಬರ್ ಇರಲಿಲ್ಲ, ವಿಳಾಸ ಇತ್ತು. ಬರುವ ತಿಂಗಳು ಬರುತ್ತೇನೆ ಅಂತ ನಾನೂ ಒಂದು ಕಾರ್ಡ್ ಬರೆದೆ. ಪೋಸ್ಟ್ ಕಾರ್ಡ್ ಎಲ್ಲಿ ಸಿಗುತ್ತೆ ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದು ಬೇರೆ ಕಥೆ.

ಹೋಗುವ ಮುಂಚೆ ಸ್ವಲ್ಪ ಓದಿಕೊಂಡೆ. ಮತ್ತೊಮ್ಮೆ ಮಂಗನಾಗೋದು ಬೇಡ ಅಂತ. ಹಾಗೆ ಓದುವಾಗ ಇಬ್ನ್ ಬತೂತ ಸಿಕ್ಕಿದ. 1340ರ ದಶಕದ ಆರಂಭದಲ್ಲಿ ಈ ಮೊರಾಕ್ಕೊ ದೇಶದ ಪ್ರವಾಸಿ ನಮ್ಮ ಹೊನ್ನಾವರದಲ್ಲಿದ್ದ. ಅವನ ಬಾಯಲ್ಲಿ ಅದು ಹಿನ್ನವ್ರ್. ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ ಅಂತ ಬರೆದಿದ್ದಾನೆ. ಏಳು ಶತಮಾನದ ಹಿಂದೆ ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಶಾಲೆ! ಈ ಸಾಲನ್ನು ನಮ್ಮ ಯಾವ ಚಾನೆಲ್ಲೂ ಬ್ರೇಕಿಂಗ್ ನ್ಯೂಸ್ ಮಾಡಿಲ್ಲ. ಇರಲಿ. ಅಲ್ಲಿನ ಸುಲ್ತಾನ ಜಮಾಲುದ್ದೀನ್, ಗೋವೆಯ ಮೇಲೆ ದಂಡೆತ್ತಿ ಹೋದಾಗ ಇಬ್ನ್ ಬತೂತನೂ ಹಡಗು ಹತ್ತಿದ. 52 ಹಡಗುಗಳು. ಹಿಂಭಾಗ ತೆರೆದುಕೊಳ್ಳುವ ಎರಡು ಹಡಗುಗಳಲ್ಲಿ ಕುದುರೆಗಳು. ಸವಾರ ಹಡಗಿನೊಳಗೇ ಕುದುರೆ ಏರಿ ನೇರ ನೀರಿಗೆ ಇಳಿಯಬಹುದು. ಶನಿವಾರ ಹೊರಟವರು ಸೋಮವಾರ ಸಂಜೆ ಗೋವೆಯ ಅಳಿವೆ ಹೊಕ್ಕರು. ಆಚೆ ಕಡೆಯವರು ಕವಣೆಯಂತ್ರ ಹೂಡಿಕೊಂಡು ಸಿದ್ಧವಾಗಿದ್ದರು. ಇವರು ಆ ರಾತ್ರಿಯನ್ನು ಹಡಗಿನಲ್ಲೇ ಕಳೆದರು. ಬೆಳಗಾದ ಮೇಲೆ ನಗಾರಿ ಕಹಳೆ ಮೊಳಗಿಸಿ ಮುಂದೆ ನುಗ್ಗಿದರು.

ಗಮನಿಸಿದಿರಾ? ಸಂಜೆ ಒಳಗೆ ಬಂದರು. ರಾತ್ರಿ ಸುಮ್ಮನಿದ್ದರು. ಬೆಳಿಗ್ಗೆ ಯುದ್ಧ. ಸಂಜೆ ಯಾಕೆ? ಮಧ್ಯಾಹ್ನದಿಂದ ಬೀಸುವ ಕಡಲಗಾಳಿ ಅಳಿವೆಯೊಳಗೆ ತಳ್ಳಿಕೊಡುತ್ತದೆ, ಅದಕ್ಕೆ. ಇಬ್ನ್ ಬತೂತ ಈ ಕಾರಣ ಬರೆದಿಲ್ಲ. ನಾವು ಬಸ್ಸಿನಲ್ಲಿ ಊರಿಗೆ ಹೋದದ್ದನ್ನು ಬರೆಯುವಾಗ ಡೀಸೆಲ್ ಬಗ್ಗೆ ಬರೀತೀವಾ? ಹಾಗೆ.

ಇತಿಹಾಸದ ಪುಸ್ತಕಗಳಲ್ಲಿ ಕುದುರೆಯ ಲೆಕ್ಕ ಇದೆ, ಆನೆಯ ಲೆಕ್ಕ ಇದೆ. ಯಾವ ಕಣಿವೆಯಲ್ಲಿ ಸೈನ್ಯ ಎಲ್ಲಿ ನಿಂತಿತ್ತು ಅನ್ನೋದಕ್ಕೆ ನಕ್ಷೆ ಇದೆ. ಗಾಳಿಯ ಲೆಕ್ಕ ಇಲ್ಲ. ಘಟ್ಟದ ಮೇಲಿನವರಾದ ನಾವು ಬರೆದ ಇತಿಹಾಸ ಅದು.

ಫೆಬ್ರವರಿಯಲ್ಲಿ ಗಂಗೊಳ್ಳಿಗೆ ಹೋದೆ. ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಅಜ್ಜನಿಗೆ ಎಂಬತ್ತು ದಾಟಿದೆ. ಹಲ್ಲು ಹೋಗಿವೆ, ಕಣ್ಣು ಚೆನ್ನಾಗಿದೆ. ನನ್ನನ್ನು ನೋಡಿದ ಕೂಡಲೇ ಕೇಳಿದ್ದು, "ಹ್ವಾಯ್, ಉತ್ತರ ತಂದ್ರಾ?"

ತಂದಿದ್ದೆ. ನೆಲಗಾಳಿ, ಕಡಲಗಾಳಿ, ಮರಳು, ಶಾಖ ಎಲ್ಲ ಒಪ್ಪಿಸಿದೆ. ಅಜ್ಜ ಪೂರ್ತಿ ಕೇಳಿ, "ಅಂತೂ ಮೂಡುಗಾಳಿ" ಅಂದರು. ಅಷ್ಟೇ. ನನ್ನ ನಾಲ್ಕು ವರ್ಷದ ಎಂಜಿನಿಯರಿಂಗ್ ಅವರಿಗೆ ಒಂದು ಪದ.

ರಾತ್ರಿ ಒಳಗೆ ಬರಲು ಸಾಧ್ಯವೇ ಇಲ್ಲವಾ ಅಂತ ಕೇಳಿದೆ. "ಉಬ್ಬರ ಇದ್ರೆ ಹುಟ್ಟು ಹಾಕಿ ಬರಬಹುದು. ಒಂದು ದೋಣಿ, ಎರಡು ದೋಣಿ. ಎಂಬತ್ತೈದು ತಂದ್ರೆ ಮರಳದಿಬ್ಬದ ಮೇಲೆ ಒಂದರ ಮೇಲೊಂದು ಹತ್ತಿ ಕೂರ್ತವೆ" ಅಂದರು. ಗಂಗೊಳ್ಳಿ ಅಳಿವೆ ಅಂದರೆ ಪಂಚಗಂಗಾವಳಿ, ಐದು ನದಿಗಳು ಒಟ್ಟಿಗೆ ಸಮುದ್ರ ಸೇರುವ ಜಾಗ. ಐದು ನದಿ ತಂದು ಸುರಿಯುವ ಮರಳು ಎಲ್ಲಿ ಕೂತಿದೆ ಅನ್ನೋದು ವರ್ಷ ವರ್ಷ ಬದಲಾಗುತ್ತದೆ. ಅಲ್ಲಿಂದ ವಾರಾಹಿ ನದಿಯಲ್ಲಿ ಇನ್ನೂ ಕೆಲವು ಕಿಲೋಮೀಟರ್ ಒಳಗೆ ಹೋದರೆ ಬಸ್ರೂರು. ಕಡಲಗಾಳಿ ಬೇಕು, ಉಬ್ಬರ ಬೇಕು, ಬೆಳಕು ಬೇಕು, ಈ ಮೂರೂ ಕೂಡಿ ಬರಬೇಕು.

"ರಾತ್ರಿ ಇರೋದು ಹೊರಡೋದಕ್ಕೆ" ಅಂದರು ಅಜ್ಜ. ಆಮೇಲೆ ಅವರು ಹೇಳಿದ ಮಾತುಗಳನ್ನು ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಅವರು ಪತ್ತೆಮಾರಿ ಹತ್ತಿದ್ದು ಹದಿನಾಲ್ಕನೇ ವಯಸ್ಸಿಗೆ, 1950ರ ದಶಕದ ಕೊನೆಯಲ್ಲಿ. ಪತ್ತೆಮಾರಿ ಅಂದರೆ ಪಶ್ಚಿಮ ಕರಾವಳಿಯ ಸರಕಿನ ಹಾಯಿಹಡಗು. ಮುಂದಕ್ಕೆ ಬಾಗಿದ ಕಂಬ, ಅದಕ್ಕೆ ಓರೆಯಾಗಿ ಕಟ್ಟಿದ ಉದ್ದನೆಯ ಅಡ್ಡಮರ, ಅದರಿಂದ ಇಳಿಬಿದ್ದ ದೊಡ್ಡ ಹಾಯಿ. ಎಂಜಿನ್ ಇಲ್ಲ. ಮಂಗಳೂರು ಹೆಂಚು, ಅಕ್ಕಿ, ಅಡಿಕೆ, ಮರಮುಟ್ಟು ತುಂಬಿಕೊಂಡು ಬೊಂಬಾಯಿಗೆ. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಸೀಸನ್ ಶುರು, ಮಳೆ ಹಿಡಿಯುವ ಮುಂಚೆ ಮುಗಿಯಬೇಕು. ಗಾಳಿ ಚೆನ್ನಾಗಿದ್ದರೆ ಬೊಂಬಾಯಿಗೆ ಎಂಟು ಹತ್ತು ದಿನ. ಇಲ್ಲದಿದ್ದರೆ? "ಇಲ್ಲದಿದ್ರೆ ಅಕ್ಕಿ ಮುಗಿಯುವವರೆಗೆ."

ಸಂಜೆ ಅಳಿವೆಯ ಹತ್ತಿರ ಲಂಗರು ಹಾಕಿ ಗಂಜಿ, ಒಣಮೀನು ಉಂಡು ಎಲ್ಲರೂ ಮಲಗಿಬಿಡುತ್ತಾರೆ, ಒಬ್ಬ ಹುಡುಗನನ್ನು ಬಿಟ್ಟು. ಆ ಹುಡುಗನ ಕೆಲಸ ಗಾಳಿ ಕಾಯೋದು. ಕತ್ತು ಒದ್ದೆ ಮಾಡಿಕೊಂಡು ಕೂರಬೇಕು. ಕಡಲಗಾಳಿ ಸತ್ತು, ಎಲ್ಲ ಸ್ತಬ್ಧವಾಗಿ, ಸೊಳ್ಳೆ ಕಚ್ಚಿ, ಆಮೇಲೆ ಯಾವಾಗಲೋ ಘಟ್ಟದ ಕಡೆಯ ಕತ್ತು ತಣ್ಣಗಾಗುತ್ತದೆ. ಆಗ ತಾಂಡೇಲನನ್ನು ಎಬ್ಬಿಸಬೇಕು. ಸುಮ್ಮಸುಮ್ಮನೆ ಎಬ್ಬಿಸಿದರೆ ಕಪಾಳಕ್ಕೆ. ಎಬ್ಬಿಸದಿದ್ದರೆ ಇನ್ನೂ ದೊಡ್ಡದು.

ಲಂಗರು ಎತ್ತಿ, ಇಳಿತದ ನೀರಿನ ಜೊತೆ ಹೊರಗೆ ಜಾರಿ, ಉತ್ತರಕ್ಕೆ ತಿರುಗಿದರೆ ಗಾಳಿ ಬಲಪಕ್ಕೆಗೆ. ಇಲ್ಲಿ ನನಗೆ ನಿಜವಾಗಿ ಬೆರಗಾಯಿತು. ಹಾಯಿಹಡಗಿಗೆ ಗಾಳಿ ಬೆನ್ನ ಹಿಂದೆಯೇ ಇರಬೇಕು ಅಂದುಕೊಂಡಿದ್ದೆ. ಇಲ್ಲ. ಪಕ್ಕದಿಂದ ಬೀಸುವ ಗಾಳಿಯಲ್ಲಿ ಹಾಯಿ ವಿಮಾನದ ರೆಕ್ಕೆ ಥರ ಕೆಲಸ ಮಾಡುತ್ತದೆ, ಹಡಗಿನ ತಳ ಅಡ್ಡಡ್ಡ ಜಾರದಂತೆ ತಡೆಯುತ್ತದೆ, ಉಳಿದ ಬಲ ಮುಂದಕ್ಕೆ ಒಯ್ಯುತ್ತದೆ. ನಮ್ಮ ಕರಾವಳಿ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಮಲಗಿದೆ. ನೆಲಗಾಳಿ ಪೂರ್ವದಿಂದ. ಅಂದರೆ ನೀವು ಬೊಂಬಾಯಿಗೆ ಹೊರಟಿದ್ದರೂ ಅದು ಪಕ್ಕದ ಗಾಳಿ, ಕಲ್ಲಿಕೋಟೆಗೆ ಹೊರಟಿದ್ದರೂ ಪಕ್ಕದ ಗಾಳಿ. ಒಂದೇ ಗಾಳಿ, ಎರಡೂ ದಿಕ್ಕಿಗೆ ದಾರಿ! ಹಗಲಿನ ಕಡಲಗಾಳಿ ಹಾಗಲ್ಲ. ಅದು ಮಧ್ಯಾಹ್ನದ ಮೇಲೆ ವಾಯುವ್ಯಕ್ಕೆ ತಿರುಗುತ್ತದೆ, ಉತ್ತರಕ್ಕೆ ಹೋಗುವವರ ಮುಖಕ್ಕೇ ಹೊಡೆಯುತ್ತದೆ. ಹಾಗಾಗಿ ಉತ್ತರದ ಪ್ರಯಾಣ ಅಂದರೆ ರಾತ್ರಿಯ ಪ್ರಯಾಣ.

ಒಂದು ಸಣ್ಣ ಲೆಕ್ಕ ಮಾಡಿದೆ. ರಾತ್ರಿ ಒಂದರಿಂದ ಬೆಳಿಗ್ಗೆ ಒಂಬತ್ತರ ತನಕ ಎಂಟು ಗಂಟೆ ನೆಲಗಾಳಿ, ಗಂಟೆಗೆ ಏಳೆಂಟು ಕಿಲೋಮೀಟರ್ ವೇಗ ಅಂದುಕೊಳ್ಳಿ. ಸುಮಾರು 60 ಕಿಲೋಮೀಟರ್ ಆಯಿತು. ಈಗ ನಕ್ಷೆ ನೋಡಿ. ಬಸ್ರೂರು, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ. ಒಂದು ಬಂದರಿನಿಂದ ಮುಂದಿನ ಬಂದರಿಗೆ ಒಂದು ರಾತ್ರಿ ಸಾಕು, ಕೆಲವಕ್ಕೆ ಅರ್ಧ ರಾತ್ರಿ. ಹಗಲಾಗುವ ಹೊತ್ತಿಗೆ ಮುಂದಿನ ಅಳಿವೆ ಎದುರಿಗಿರುತ್ತದೆ, ಮಧ್ಯಾಹ್ನದ ಗಾಳಿ ಒಳಗೆ ಕರೆದುಕೊಳ್ಳುತ್ತದೆ. ಹೆದ್ದಾರಿ 66ರ ಟೋಲ್ ಪ್ಲಾಜಾಗಳಿಗಿಂತ ಚೆನ್ನಾದ ವ್ಯವಸ್ಥೆ.

ಕತ್ತಲಲ್ಲಿ ದಾರಿ ಹೇಗೆ ಗೊತ್ತಾಗುತ್ತಿತ್ತು? ಅಜ್ಜ ತಮ್ಮ ಬಲಗಿವಿ ಮುಟ್ಟಿ ತೋರಿಸಿದರು. "ಈ ಕಿವಿಯಲ್ಲಿ ಅಲೆ, ಆ ಕಿವಿಯಲ್ಲಿ ಎಂತದೂ ಇಲ್ಲ. ಹಾಗಿದ್ರೆ ಸರಿ." ಮರಳಿನ ದಡಕ್ಕೆ ಅಲೆ ಬಡಿದರೆ ಒಂದು ಸದ್ದು, ಬಂಡೆಗೆ ಬಡಿದರೆ ಇನ್ನೊಂದು ಸದ್ದು. ಸಂಶಯ ಬಂದರೆ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಳಿಬಿಡೋದು. ಗುಂಡಿನ ತಳಕ್ಕೆ ಮೇಣ. ಎಷ್ಟು ಮಾರು ಆಳ ಅಂತ ಹಗ್ಗ ಹೇಳುತ್ತದೆ, ಕೆಸರೋ ಮರಳೋ ಅಂತ ಮೇಣಕ್ಕೆ ಅಂಟಿದ್ದು ಹೇಳುತ್ತದೆ. ನೆಲಗಾಳಿಯ ಜೊತೆ ವಾಸನೆ ಬರುತ್ತದೆ. ಗದ್ದೆ ಸುಟ್ಟ ಹೊಗೆ, ಒಲೆಯ ಹೊಗೆ, ಕಾಡಿನ ಒದ್ದೆ ಎಲೆ. ಎದುರಿಗೆ ಧ್ರುವನಕ್ಷತ್ರ, ನೀರಿಗೆ ತಾಗಿದಷ್ಟು ಕೆಳಗೆ, ಎಷ್ಟೋ ರಾತ್ರಿ ಮಂಜಿನಲ್ಲಿ ಮುಳುಗಿಯೇ ಇರುತ್ತದೆ. "ಬೊಂಬಾಯಿಗೆ ಹತ್ರ ಆದ ಹಾಗೆ ಧ್ರುವ ಮೇಲೆ ಬರ್ತಾನೆ" ಅಂದರು. ಎಷ್ಟು ಅಂತ ಕೇಳಿದೆ. ಕೈ ಮುಂದೆ ಚಾಚಿ ಮೂರು ಬೆರಳು ಅಡ್ಡ ಹಿಡಿದರು. ರೂಮಿಗೆ ಬಂದು ನೋಡಿದೆ. ಧ್ರುವನ ಎತ್ತರ ಅಂದರೆ ನಾವಿರುವ ಅಕ್ಷಾಂಶ. ಗಂಗೊಳ್ಳಿ ಹದಿಮೂರೂವರೆ ಡಿಗ್ರಿ ಚಿಲ್ಲರೆ, ಮುಂಬೈ ಹತ್ತೊಂಬತ್ತರ ಹತ್ತಿರ. ವ್ಯತ್ಯಾಸ ಐದು ಡಿಗ್ರಿ. ಚಾಚಿದ ಕೈಯ ಮೂರು ಬೆರಳು ಸುಮಾರು ಅಷ್ಟೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು.

ಬೆಳಕು ಹರಿಯೋದು ಘಟ್ಟದ ಹಿಂದಿನಿಂದ. ಆಕಾಶ ಬಿಳಿಯಾಗುವಾಗ ಬೆಟ್ಟಗಳ ಅಂಚು ಕಪ್ಪಾಗಿ ಮೂಡುತ್ತದೆ. ಯಾವ ಶಿಖರ ಯಾವುದರ ಪಕ್ಕ ಬಂತು ಅಂತ ನೋಡಿ ತಾವೆಲ್ಲಿದ್ದೇವೆ ಅಂತ ತಿಳಿಯೋದು. ಕುದುರೆಮುಖಕ್ಕೆ ಆ ಹೆಸರು ಬಂದದ್ದೇ ಅದರ ಆಕಾರದಿಂದ. ಸಮುದ್ರದವರಿಗೆ ಅದು ಒಂದು ಮೈಲಿಗಲ್ಲು. ಘಟ್ಟದ ಮೇಲಿನ ನಮಗೆ ಟ್ರೆಕ್ಕಿಂಗ್ ಜಾಗ.

ಒಂದು ರಾತ್ರಿಯ ಕಥೆ ಹೇಳುವಾಗ ಅಜ್ಜ ದನಿ ತಗ್ಗಿಸಿದರು. ಎರಡನೇ ವರ್ಷವೋ ಏನೋ. ಗಾಳಿ ಕಾಯುತ್ತಾ ಕೂತವರು ನಿದ್ದೆ ಹೋಗಿಬಿಟ್ಟರು. ಎಚ್ಚರವಾದಾಗ ಕತ್ತು ತಣ್ಣಗಿತ್ತು, ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಹೊರಟದ್ದು ಎರಡು ಗಂಟೆ ತಡ. ಮುರ್ಡೇಶ್ವರದ ಹತ್ತಿರ ಬರುವಾಗ ನೆಲಗಾಳಿ ಸತ್ತಿತು, ಕಡಲಗಾಳಿ ಇನ್ನೂ ಹುಟ್ಟಿಲ್ಲ. ಈ ಮಧ್ಯದ ಎರಡು ಮೂರು ಗಂಟೆಯ ಸ್ತಬ್ಧವೇ ಅಪಾಯ. ಹಾಯಿ ಒಗೆದ ಬಟ್ಟೆ ಥರ ನೇತಾಡುತ್ತದೆ, ದೊಡ್ಡ ಅಲೆಯ ಉಬ್ಬು ಮಾತ್ರ ಹಡಗನ್ನು ದಡದ ಬಂಡೆಯ ಕಡೆ ತಳ್ಳುತ್ತಲೇ ಇರುತ್ತದೆ. ಲಂಗರು ಬಂಡೆಯ ಮೇಲೆ ಹಿಡಿಯಲಿಲ್ಲ. ಹಡಗು ಹಗುರಾಗಲಿ ಅಂತ ಹೆಂಚು ಎಸೆಯಲು ಶುರು ಮಾಡಿದರು. ಕೈಯಿಂದ ಕೈಗೆ ದಾಟಿಸಿ ನೀರಿಗೆ. ಬಂಡೆ ಇನ್ನು ಎರಡು ತೆಂಗಿನಮರ ದೂರ ಅನ್ನುವಾಗ ಲಂಗರು ಕಚ್ಚಿತು. ಯಾರೂ ಸಾಯಲಿಲ್ಲ. ತಾಂಡೇಲ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಬೊಂಬಾಯಿ ಮುಟ್ಟುವ ತನಕ ಮಾತಾಡಲಿಲ್ಲ, ಅಷ್ಟೇ.

"ಮುನ್ನೂರ ಹನ್ನೆರಡು ಹೆಂಚು" ಅಂದರು ಅಜ್ಜ. ಅರವತ್ತು ವರ್ಷ ಕಳೆದ ಮೇಲೂ ಲೆಕ್ಕ ಮರೆತಿಲ್ಲ.

ಈಗ ಶಿವಾಜಿಯ ಕಥೆಗೆ ಬರೋಣ. ಗಾಳಿ ಗೊತ್ತಾದ ಮೇಲೆ ಅದೇ ಕಥೆ ಬೇರೆ ಥರ ಕಾಣುತ್ತದೆ.

ಆ ದಂಡಯಾತ್ರೆಯ ವಿವರ ನಮಗೆ ಸಿಗುವುದು ಬಹುಪಾಲು ಕಾರವಾರದಲ್ಲಿದ್ದ ಇಂಗ್ಲಿಷ್ ಕೋಠಿಯವರ ಪತ್ರಗಳಿಂದ. 85 ಫ್ರಿಗೇಟುಗಳು, 3 ದೊಡ್ಡ ಹಡಗುಗಳು. ಫ್ರಿಗೇಟ್ ಅಂದರೆ ಈಗಿನ ಯುದ್ಧನೌಕೆ ಅಲ್ಲ, ಹಾಯಿ ಮತ್ತು ಹುಟ್ಟು ಎರಡೂ ಇರುವ ಸಣ್ಣ ಹಡಗು. ಮಾಲ್ವಣದಿಂದ ಬಸ್ರೂರಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ದಕ್ಷಿಣಕ್ಕೆ ಹೊರಟವರಿಗೆ ಆ ತಿಂಗಳು ಅದೃಷ್ಟದ ತಿಂಗಳು. ರಾತ್ರಿ ಮೂಡುಗಾಳಿ ಪಕ್ಕಕ್ಕೆ, ಮಧ್ಯಾಹ್ನ ವಾಯುವ್ಯದ ಗಾಳಿ ಬೆನ್ನಿಗೆ. ಹಗಲೂ ರಾತ್ರಿಯೂ ಓಡಬಹುದು. ಸುದ್ದಿ ಮುಟ್ಟುವ ಮೊದಲು ಹಡಗು ಮುಟ್ಟುತ್ತದೆ. ದಾಳಿಯ ಅಚ್ಚರಿ ಇದ್ದದ್ದು ಈ ಓಟದಲ್ಲಿ. ನನ್ನ ಗ್ರಾಫಿಕ್ಸಿನ ಕತ್ತಲೆಯಲ್ಲಿ ಅಲ್ಲ.

ಇನ್ನೊಂದು ವಿಷಯ. ಪ್ರತಿ ಫೆಬ್ರವರಿಯಲ್ಲೂ ಮೊಬೈಲುಗಳಲ್ಲಿ ಓಡಾಡುವ ಒಂದು ಮೆಸೇಜ್ ಇದೆ, ಶಿವಾಜಿ ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಿದರು ಅಂತ. ಪೋರ್ಚುಗೀಸರು 1569ರಲ್ಲಿ ಬಸ್ರೂರನ್ನು ಹಿಡಿದು ಕೋಟೆ ಕಟ್ಟಿದ್ದು ನಿಜ. ಗೋವೆಯ ಹೊಟ್ಟೆಗೆ ಬೇಕಾದ ಅಕ್ಕಿ ಹೋಗುತ್ತಿದ್ದದ್ದೇ ನಮ್ಮ ಕರಾವಳಿಯಿಂದ. ಆ ಅಕ್ಕಿಯ ದೋಣಿಗಳು ಗುಂಪುಗುಂಪಾಗಿ, ಕಾವಲಿನ ಹಡಗುಗಳ ನಡುವೆ ದಡ ಹಿಡಿದು ಸಾಗುತ್ತಿದ್ದವು. ಆದರೆ 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಹೊನ್ನಾವರ, ಬಸ್ರೂರು, ಮಂಗಳೂರು ಮೂರನ್ನೂ ಅವರ ಕೈಯಿಂದ ಕಿತ್ತುಕೊಂಡಿದ್ದ. 1665ರಲ್ಲಿ ಲೂಟಿಯಾದದ್ದು ಕೆಳದಿ ನಾಯಕರ ಬಂದರು. ಕನ್ನಡದ ಅರಸರ ಬಂದರು, ಕನ್ನಡ ಕೊಂಕಣಿ ಮಾತಾಡುವ ವ್ಯಾಪಾರಿಗಳ ದುಡ್ಡು. ಇದನ್ನು ಹೇಳಿದರೆ ಶಿವಾಜಿ ಸಣ್ಣವರಾಗೋದಿಲ್ಲ. ಮೊಘಲರ ಒತ್ತಡದಲ್ಲಿದ್ದ ಒಬ್ಬ ರಾಜ ಸೈನ್ಯ ಸಾಕಲು ದುಡ್ಡು ತಂದ, ಆ ಕಾಲದ ರಾಜಕೀಯ ಅದು. ಮುಂದೆ ಅದೇ ಶಿವಾಜಿಯ ಮಗ ರಾಜಾರಾಮ ಔರಂಗಜೇಬನಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟದ್ದು ಅದೇ ಕೆಳದಿಯ ರಾಣಿ ಚೆನ್ನಮ್ಮ. ಬಿಡಿಸಿದರು ಅನ್ನುವವರು ಈ ಎರಡನೇ ಭಾಗವನ್ನಾದರೂ ಸೇರಿಸಿ ಫಾರ್ವರ್ಡ್ ಮಾಡಬಾರದೇ?

ವಾಪಸು ಹೋದದ್ದು ಹೇಗೆ? ಇಲ್ಲಿದೆ ನೋಡಿ ಗಾಳಿಯ ಕೈವಾಡ. ಶಿವಾಜಿ ಗೋಕರ್ಣದಲ್ಲಿ ಇಳಿದರು, ಸ್ನಾನ ಪೂಜೆ ಮಾಡಿದರು. ಆಮೇಲೆ ಹಡಗುಗಳಲ್ಲಿ ಹೆಚ್ಚಿನವನ್ನು ಕಳಿಸಿಬಿಟ್ಟರು. ನದಿ ದಾಟಿಸಲು ಬೇಕು ಅಂತ 12 ಮಾತ್ರ ಇಟ್ಟುಕೊಂಡು, ಸುಮಾರು 4,000 ಕಾಲಾಳುಗಳ ಜೊತೆ ಅಂಕೋಲಾ ದಾರಿಯಲ್ಲಿ ಭೂಮಿಯ ಮೇಲೆ ನಡೆದರು. ಕಾರವಾರದ ಹತ್ತಿರ ಬಂದಾಗ ಊರಿನವರು ಕಾಣಿಕೆ ಒಟ್ಟುಮಾಡಿ ಕೊಟ್ಟರು, ಇಂಗ್ಲಿಷರ ಪಾಲು 112 ಪೌಂಡ್. ಸಮುದ್ರದಲ್ಲಿ ಬಂದವರು ನಡೆದುಕೊಂಡು ಯಾಕೆ ಹೋದರು? ದಾರಿಯ ಊರುಗಳಲ್ಲಿ ವಸೂಲಿ ಮಾಡುವುದಿತ್ತು, ಅದೊಂದು ಕಾರಣ ಸರಿ. ಆದರೆ ಅಜ್ಜನನ್ನು ಕೇಳಿ. ಬರುವಾಗ ಬೆನ್ನಿಗಿದ್ದ ವಾಯುವ್ಯದ ಗಾಳಿ ಹೋಗುವಾಗ ಮುಖಕ್ಕೆ. ಹಗಲಿಡೀ ಲಂಗರು ಹಾಕಿ ಕೂರಬೇಕು, ರಾತ್ರಿ ಮಾತ್ರ ಸಾಗಬೇಕು. ದಿಲ್ಲಿಯ ಸೈನ್ಯ ಜೈಸಿಂಗನ ಕೈಕೆಳಗೆ ದಖ್ಖನಿಗೆ ಬಂದಿರುವ ವರ್ಷ ಅದು. ಗಾಳಿ ಕಾಯುತ್ತಾ ಕೂರಲು ಯಾವ ರಾಜನಿಗೆ ಪುರುಸೊತ್ತು? ತಾವೇ ಮುಂದೆ ನಿಂತು ನಡೆಸಿದ ದೊಡ್ಡ ಸಮುದ್ರಯಾನ ಅವರ ಜೀವನದಲ್ಲಿ ಅದೊಂದೇ.

ಆ 85 ಹಡಗುಗಳ ಚುಕ್ಕಾಣಿ ಹಿಡಿದವರು ಯಾರು? ಅಷ್ಟು ರಾತ್ರಿ ಕತ್ತು ಒದ್ದೆ ಮಾಡಿಕೊಂಡು ಕೂತ ಹುಡುಗರು ಎಷ್ಟು ಜನ? ಅವರ ಹೆಸರು ಕೋಠಿಯ ಪತ್ರದಲ್ಲೂ ಇಲ್ಲ, ನನ್ನ ಅರ್ಧ ಗಂಟೆಯಲ್ಲೂ ಇರಲಿಲ್ಲ.

ಈ ರಾತ್ರಿ ಪ್ರಯಾಣ ನಿಂತದ್ದು ಒಂದೇ ದಿನದಲ್ಲಲ್ಲ. ಉಗಿಹಡಗು ಬಂದಾಗ ಜನ ಅದಕ್ಕೆ ಹೋದರು, ಸರಕು ಹಾಯಿಯಲ್ಲೇ ಉಳಿಯಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ ಹೆಸರೇ ಕುಮಟಾ ಹತ್ತಿ. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಅಲ್ಲಿಂದ ಮುರಗಾಂವ್ ಬಂದರಿಗೆ ದಾರಿಯಾಯಿತು, ಕುಮಟಾ ಕಾರವಾರಗಳ ಹತ್ತಿ ವ್ಯಾಪಾರ ಕುಸಿಯಿತು. ಆಮೇಲೆ ಪತ್ತೆಮಾರಿಗೇ ಡೀಸೆಲ್ ಎಂಜಿನ್ ಬಂತು, ನದಿಗಳಿಗೆ ಸೇತುವೆ ಬಂತು, ಲಾರಿ ಬಂತು, 1998ಕ್ಕೆ ಕೊಂಕಣ ರೈಲು ಪೂರ್ತಿಯಾಯಿತು. ಇದರಲ್ಲಿ ಯಾವುದನ್ನೂ ಬೇಡ ಅನ್ನುವವನು ನಾನಲ್ಲ. ಅಜ್ಜನೂ ಅಲ್ಲ. "ಎಂಜಿನ್ ಬಂದ ಮೇಲೆ ನಿದ್ದೆ ಬಂತು ಮಾರಾಯ್ರೆ" ಅಂದರು.

2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಅನ್ನುವ ಹಡಗು ನೌಕಾಪಡೆ ಸೇರಿತು. ಅಜಂತಾದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು. ಆ ವರ್ಷದ ಡಿಸೆಂಬರ್ ಕೊನೆಗೆ ಅದು ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ಕಾರವಾರದ ಸುದ್ದಿಯನ್ನು ಓದಿದವನು ನಾನೇ. ನಲವತ್ತು ಸೆಕೆಂಡು. ಮುಂದಿನದು ಯಾವುದೋ ಶಾಸಕರ ಮುನಿಸು, ಅದಕ್ಕೆ ಹನ್ನೆರಡು ನಿಮಿಷ. ಆ ಹಡಗು ಹತ್ತುವ ಯುವ ನಾವಿಕರಿಗೆ ಹಳೆಯ ಹಾಯಿಯ ಪಾಠ ಹೇಳಿಕೊಡಬಲ್ಲವರು ಈ ತೀರದಲ್ಲಿ ಇನ್ನೂ ಬದುಕಿದ್ದಾರೆ ಅನ್ನೋದು ಆವತ್ತು ನನಗೆ ಹೊಳೆಯಲೇ ಇಲ್ಲ.

ಅವತ್ತು ರಾತ್ರಿ ಗಂಗೊಳ್ಳಿಯಲ್ಲೇ ಉಳಿದೆ. ಅಜ್ಜ ಬೇಡವೆಂದರೂ ಎರಡು ಗಂಟೆಗೆ ಎದ್ದು ದಡಕ್ಕೆ ಹೋದೆ. ಬಾಟಲಿಯ ನೀರಿನಿಂದ ಕತ್ತು ಒದ್ದೆ ಮಾಡಿಕೊಂಡು ಮರಳಿನ ಮೇಲೆ ಕೂತೆ. ನಾಯಿಗಳು ಬಂದು ಮೂಸಿ ಹೋದವು. ಏನೂ ಇಲ್ಲ, ಸೆಕೆ, ಸೊಳ್ಳೆ. ಎರಡೂ ಮುಕ್ಕಾಲರ ಹೊತ್ತಿಗೆ ನನ್ನ ಬೆನ್ನ ಹಿಂದಿನಿಂದ ಒಲೆಯ ಹೊಗೆಯ ವಾಸನೆ ಬಂತು. ಆಮೇಲೆ ಕತ್ತು ತಣ್ಣಗಾಯಿತು. ಎಬ್ಬಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಬೆಂಗಳೂರಿಗೆ ಬಂದು ತಿದ್ದುಪಡಿ ಹಾಕೋಣ ಅಂದೆ. "ಗಾಳಿ ಯಾವ ಕಡೆ ಬೀಸಿತು ಅಂತ ಯಾರು ಕೇಳ್ತಾರೆ ಗುರೂ?" ಅಂದರು ನಮ್ಮ ಪ್ರೊಡ್ಯೂಸರ್. ಒಬ್ಬರು ಕೇಳಿದ್ದಾರೆ ಅಂತ ಕಾರ್ಡು ತೋರಿಸಿದೆ. ಜಗಳವಾಡಿ ಒಂದೂವರೆ ನಿಮಿಷ ಪಡೆದುಕೊಂಡೆ. ನಡುರಾತ್ರಿ ಅಂದದ್ದು ನನ್ನ ತಪ್ಪು, ಬಸ್ರೂರು ಆಗ ಕೆಳದಿಯದ್ದು ಅಂತ ಹೇಳಿದೆ. ಗ್ರಾಫಿಕ್ಸಿನವರು ಚಂದ್ರನನ್ನು ತೆಗೆದು ಸಂಜೆಯ ಬಣ್ಣ ಬಳಿದುಕೊಟ್ಟರು. ಹಡಗುಗಳು ಕಡಲಗಾಳಿಯಲ್ಲಿ ಹಾಯಿ ಉಬ್ಬಿಸಿಕೊಂಡು ಅಳಿವೆ ಹೊಕ್ಕವು.

ಹತ್ತು ದಿನಕ್ಕೆ ಇನ್ನೊಂದು ಕಾರ್ಡು ಬಂತು.

"ನೋಡಿದೆ. ಗಾಳಿ ಸರಿಯಾಯಿತು. ಆದರೆ ಹಾಯಿ ಮುಂದಕ್ಕೆ ಉಬ್ಬಿದೆ, ಕಂಬದ ಮೇಲಿನ ಬಾವುಟ ಹಿಂದಕ್ಕೆ ಹಾರುತ್ತಿದೆ. ಎರಡಕ್ಕೂ ಬೇರೆ ಬೇರೆ ಗಾಳಿಯೋ? ತಿಳಿಸಬೇಕು."